ಸಂಗಮದವರೆಗೆ ಹೋದ ಮಡಕೆ

ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ತಿಂದು ಕೈ ತೊಳೆದದ್ದೇ ತಡ, ಒಂಬತ್ತನೇ ಕ್ಲಾಸಿನವರು ಬಕೆಟ್ಟು ಹಿಡಿದುಕೊಂಡು ಹಿತ್ತಲ ನೀರಿನ ತೊಟ್ಟಿಯ ಕಡೆಗೆ ಓಡುತ್ತಿದ್ದರು. ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ, ಹೊಳೆಗೆ ಒಂದು ಕೂಗಳತೆಯಲ್ಲಿದ್ದ ಆ ಪುಟ್ಟ ವಸತಿ ಪ್ರೌಢಶಾಲೆಯಲ್ಲಿ ಅವರವರ ಬಟ್ಟೆ ಅವರವರೇ ಒಗೆದುಕೊಳ್ಳಬೇಕು. ತೊಟ್ಟಿಯ ಈಚೆಗೆ ಹುಡುಗಿಯರ ಕಲ್ಲುಗಳು, ಆಚೆಗೆ ಹುಡುಗರ ಕಲ್ಲುಗಳು, ನಡುವೆ ಎದೆಮಟ್ಟದ ಒಂದು ಗೋಡೆ. ಗೋಡೆಗೆ ಅಂಟಿಕೊಂಡಿದ್ದ ಕಲ್ಲು ಯಾವಾಗಲೂ ಭಾನುಪ್ರಿಯಾಳಿಗೆ. ಹಾಗೆಂದು ಯಾರೂ ಕಾನೂನು ಮಾಡಿರಲಿಲ್ಲ. ಅವಳು ಅಲ್ಲಿ ನಿಂತರೆ ಕಥೆ ಎರಡು ಕಡೆಗೂ ಕೇಳಿಸುತ್ತಿತ್ತು, ಅಷ್ಟೇ.

ಭಾನು ಹೇಳುತ್ತಿದ್ದುದೆಲ್ಲ ಅವಳ ಅಜ್ಜಿ ಮುತ್ತಮ್ಮನ ಕಥೆಗಳು. ಅವಳ ಅವ್ವ ಬೆಳಗಾಗೆದ್ದರೆ ಗಾರ್ಮೆಂಟ್ಸಿನ ಬಸ್ಸು ಹತ್ತುವವಳು. ಹಾಗಾಗಿ ಬದನವಾಳಿನ ಆಚೆಯ ಊರಿನಲ್ಲಿ, ಅಜ್ಜಿಯ ಮಗ್ಗುಲಲ್ಲಿ, ಅಜ್ಜಿಯ ಸೆರಗು ಹೊದ್ದುಕೊಂಡೇ ಭಾನು ಬೆಳೆದಿದ್ದಳು. "ಒಂದೂರಲ್ಲಿ ಒಬ್ಬಳು ಕೆಂಪಿ ಅಂತ ಕುಂಬಾರರ ಹುಡುಗಿ" ಎಂದು ಅವಳು ಲಂಗಕ್ಕೆ ಸೋಪು ತಿಕ್ಕತೊಡಗಿದರೆ ಅಕ್ಕಪಕ್ಕದ ಕಲ್ಲುಗಳ ಮೇಲೆ ಬಟ್ಟೆಗಳು ದಪ್ ದಪ್ ಎಂದು ಬೀಳುತ್ತಿದ್ದವು. ಕಥೆ ಏರಿದಂತೆ ಏಟು ನಿಧಾನವಾಗುತ್ತಿತ್ತು. ಎಲ್ಲರೂ ಕೈ ಬಿಟ್ಟು ಬಾಯಿ ತೆರೆದುಕೊಂಡು ನಿಂತುಬಿಟ್ಟರೆ ಮಾತ್ರ ಭಾನುವಿಗೆ ಏನೋ ತೊಡಕು.

"ಒಗೀರೇ, ಒಗೀರಿ! ಸುಮ್ನೆ ನಿಂತ್ರೆ ನಂಗೆ ಕಥೆ ಬರಲ್ಲ."

"ನಿನ್ ಕಥೆಗೆ ನನ್ ಅಂಗಿ ಹರಿದೋಗ್ತಾ ಇದೆ ಕಣೇ" ಎಂದು ಗೋಡೆಯಾಚೆಯಿಂದ ಮದನ್ ಕೂಗುತ್ತಿದ್ದ. ಆದರೂ ಏಟು ಬೀಳುತ್ತಿತ್ತು. ಕಥೆ ಮುಂದಕ್ಕೆ ಹೋಗುತ್ತಿತ್ತು.

ಕ್ಲಾಸಿಗೆಲ್ಲ ಹೆಚ್ಚು ಇಷ್ಟವಾದದ್ದು ಕೆಂಪಿಯ ಕಥೆಯೇ. ಕೆಂಪಿ ಹೊಳೆಗೆ ನೀರಿಗೆ ಹೋಗಿ, ಮೀನು ಹಿಡಿಯುವ ಹಕ್ಕಿಯನ್ನು ನೋಡುತ್ತಾ ಮೈಮರೆತು, ಅವ್ವ ಅವಳಿಗೆಂದೇ ಮಾಡಿಕೊಟ್ಟ ಕೆಂಪು ಮಡಕೆಯನ್ನು ಕಪಿಲೆಯ ಪಾಲು ಮಾಡುತ್ತಾಳೆ. ಮಡಕೆ ತೇಲಿಕೊಂಡು ಹೋಗುತ್ತದೆ. ಅವಳು ದಡದುದ್ದಕ್ಕೂ ಕಾಗೆಯನ್ನು ಕೇಳುತ್ತಾ, ಕುಂಟ ಎತ್ತನ್ನು ಕೇಳುತ್ತಾ, ಹರಿಗೋಲಿನವನನ್ನು ಕೇಳುತ್ತಾ ಮಡಕೆಯ ಹಿಂದೆ ಹೋಗುತ್ತಾಳೆ. ಕೊನೆಗೆ ನರಸೀಪುರದಲ್ಲಿ ಎರಡು ಹೊಳೆ ಕೂಡುವ ಕಡೆ, ಮಡಕೆ ಈಗ ಬರುತ್ತದೆ ಆಗ ಬರುತ್ತದೆ ಎಂದು ಕಾದು ಕಾದು ಕಲ್ಲಾಗಿಬಿಡುತ್ತಾಳೆ.

ಈ ಕೊನೆಗೆ ಬಂದಾಗಲೆಲ್ಲ ಭಾನುವಿನ ಗೆಳತಿ ಚೈತ್ರ ಒದ್ದೆ ದುಪಟ್ಟಾದಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದಳು. "ಅಯ್ಯೋ ಅಳ್ಬೇಡ ಬಿಡೇ, ಕಲ್ಲಾದ್ರೂ ಒಳ್ಳೇದೇ ಆಯ್ತು, ಬಟ್ಟೆ ಒಗೀಬೋದು" ಎಂದು ಮದನ್ ಆಚೆಯಿಂದ ಸಮಾಧಾನ ಹೇಳುತ್ತಿದ್ದ.

ಆ ಕೊನೆ ಮಾತ್ರ ಅಜ್ಜಿಯದಲ್ಲ ಎಂಬುದು ಭಾನುವಿಗಷ್ಟೇ ಗೊತ್ತಿತ್ತು. ಚಿಕ್ಕವಳಿದ್ದಾಗ ಎಷ್ಟೋ ಸಲ ಈ ಕಥೆ ಕೇಳಿದ್ದಳು. ಪ್ರತಿ ಸಲವೂ ಕುಂಟ ಎತ್ತು ಬರುವ ಹೊತ್ತಿಗೆ ಅವಳ ಕಣ್ಣು ಎಳೆದುಕೊಂಡು ಹೋಗುತ್ತಿತ್ತು. ಆಮೇಲಿನದೆಲ್ಲ ಅವಳೇ ಕಟ್ಟಿಕೊಂಡದ್ದು.

ಆ ಶಾಲೆಯಲ್ಲಿ ಒಂಬತ್ತನೇ ಕ್ಲಾಸಿಗೆಂದು ಒಂದು ವಿಶೇಷವಿತ್ತು. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಯಾರಾದರೊಬ್ಬರ ಮನೆಯವರು ಬಂದು, ತಮ್ಮ ಕೈಗೆ ಒಗ್ಗಿದ ಕೆಲಸ ಯಾವುದೋ ಅದನ್ನು ಮಕ್ಕಳಿಗೆ ಕಲಿಸಿ ಹೋಗಬೇಕು. ಅದಕ್ಕೆ ಮನೆಪಾಠ ಎಂದು ಹೆಸರು. ಬಂದವರಿಗೆ ಕ್ಲಾಸಿನ ಕೈತೋಟದ ತರಕಾರಿಯೇ ಮರ್ಯಾದೆ. ತಾಂಡವಪುರದಿಂದ ಚೈತ್ರಳ ಅಪ್ಪ ಸೋಮಶೇಖರ್ ಬಂದು ರೇಷ್ಮೆಹುಳಕ್ಕೆ ಸೊಪ್ಪು ಹಾಕುವುದನ್ನು ತೋರಿಸಿ, ಎರಡು ಹಿಡಿ ಬೆಂಡೆಕಾಯಿ ತೆಗೆದುಕೊಂಡು ಹೋಗಿದ್ದರು. ಸೋಮನಾಥಪುರದಿಂದ ಮದನನ ದೊಡ್ಡಪ್ಪ ಮರಿಸ್ವಾಮಿ ಬಂದು ನೀರೆತ್ತುವ ಮೋಟಾರನ್ನು ಬಿಚ್ಚಿ ಜೋಡಿಸಿ ತೋರಿಸಿದ್ದರು. ಜೋಡಿಸಿದ ಮೇಲೆ ಒಂದು ನಟ್ಟು ಉಳಿದುಹೋಯಿತು. "ಇದು ಎಕ್ಸ್‌ಟ್ರಾ ಕಣ್ರಪ್ಪ, ಕಂಪ್ನಿಯವ್ರು ಕೊಟ್ಟಿರ್ತಾರೆ" ಎಂದು ಅವರು ಬದನೆಕಾಯಿ ಚೀಲ ಹೆಗಲಿಗೇರಿಸಿ ಹೊರಟುಬಿಟ್ಟಿದ್ದರು. ಆ ನಟ್ಟು ಈಗಲೂ ಕ್ಲಾಸಿನ ಕಿಟಕಿಯಲ್ಲಿ ಇತ್ತು.

ಕನ್ನಡ ಕಲಿಸುವ ಮಂಗಳಗೌರಿ ಮಿಸ್, "ಕಾರ್ತೀಕ ಮಾಸದ ಮನೆಪಾಠ ಯಾರ ಮನೆಯಿಂದ?" ಎಂದು ಕೇಳಿದಾಗ ಭಾನು ಎದ್ದು ನಿಂತೇಬಿಟ್ಟಿದ್ದಳು.

"ನಮ್ಮಜ್ಜಿ ಬರ್ತಾರೆ ಮಿಸ್. ಕಥೆ ಹೇಳ್ತಾರೆ."

"ಕಥೆ ಹೇಳೋದೂ ಒಂದ್ ಕೆಲ್ಸಾನಾ ಮಿಸ್?" ಎಂದ ಮದನ್.

"ನೀನು ಇಲ್ಲಿ ಬಂದು ನಿಂತು ಒಂದು ಹೇಳಿ ನೋಡಪ್ಪ. ಕೆಲಸ ಹೌದೋ ಅಲ್ಲವೋ ನಿನ್ನ ಕಾಲೇ ಹೇಳುತ್ತೆ" ಎಂದರು ಮಿಸ್. ಕ್ಲಾಸೆಲ್ಲ ನಕ್ಕಿತು.

ಆಗ ಭಾನುವಿಗೆ ಊರಿನ ಸುದ್ದಿ ಗೊತ್ತಿರಲಿಲ್ಲ. ಭಾನುವಾರದ ಫೋನಿನಲ್ಲಿ ಅವ್ವ ಅದನ್ನು ಹೇಳಿರಲಿಲ್ಲ.

ದಸರಾ ರಜೆಗೆ ಮನೆಗೆ ಹೋದಾಗ ಅಜ್ಜಿ ಜಗುಲಿಯ ಮೂಲೆಯಲ್ಲಿ ಮುದುರಿಕೊಂಡು ಕುಳಿತಿದ್ದಳು. ಶ್ರಾವಣದಲ್ಲಿ ಜ್ವರ ಬಂದು ಮಲಗಿ ಎದ್ದ ಮೇಲೆ ಅಜ್ಜಿ ಅಷ್ಟಕ್ಕಷ್ಟೇ ಎಂದು ಅವ್ವ ಹೇಳಿದಳು. ಒಳಗೆ ಟೀವಿ ಒಂದೇ ಸಮನೆ ಮಾತಾಡುತ್ತಿತ್ತು. ಸಂಜೆ ಭಾನು ಅಜ್ಜಿಯ ಎದುರಿಗೆ ಬಂದು, ಸ್ಕೂಲಿನಲ್ಲಿ ಕೂರುವ ಹಾಗೆಯೇ ಕಾಲು ಮಡಚಿ, ಕೈ ಕಟ್ಟಿ, ಅಜ್ಜಿಯ ಮುಖವನ್ನೇ ನೋಡುತ್ತಾ ಕುಳಿತಳು.

"ಕೆಂಪಿ ಕಥೆ ಹೇಳಜ್ಜಿ."

ಅಜ್ಜಿಯ ಮುಖ ಸ್ವಲ್ಪ ಅರಳಿತು. "ಒಂದೂರ್ನಲ್ಲಿ ಕುಂಬಾರ್ರ ಕೆಂಪಿ ಅಂತ ಒಬ್ಳು ಉಡ್ಗಿ ಇದ್ಲಂತೆ..." ಎಂದು ನಿಲ್ಲಿಸಿ ಮೊಮ್ಮಗಳನ್ನು ನೋಡಿದಳು. ಭಾನು ಕಣ್ಣು ಮಿಟುಕಿಸದೆ ಕಾದಳು. "ಅವ್ಳು ಒಳೇಗೆ ನೀರ್ಗೋದ್ಲಂತೆ..." ಅಜ್ಜಿ ಮತ್ತೆ ನಿಂತಳು. ಮತ್ತೆ ನೋಡಿದಳು. ಬಾಯಿ ತೆರೆದು ಮುಚ್ಚಿದಳು. ಕೈಯಲ್ಲಿದ್ದ ವೀಳ್ಯದೆಲೆಯ ತೊಟ್ಟನ್ನು ಮುರಿದು ಪಕ್ಕಕ್ಕಿಟ್ಟಳು.

"ಮುಂದ್ಕೆ ಬತ್ತಿಲ್ಲ ಕಣ್ ಕೂಸೇ. ಎಲ್ಲ ಎಲ್ಲೋ ಓಯ್ತು."

ಬಾಗಿಲಲ್ಲಿ ನಿಂತಿದ್ದ ಸೋದರಮಾವ ನಿಂಗರಾಜು ಭಾನುವನ್ನು ಕಣ್ಣಲ್ಲೇ ಕರೆದು ಕೊಟ್ಟಿಗೆಯ ಕಡೆಗೆ ಕರೆದುಕೊಂಡು ಹೋದ.

"ಜ್ವರ ಬಂದಾಗಿಂದ್ಲೂ ಇಂಗೇ ಕಣವ್ವ. ಒಂದ್ ಕತೇನೂ ಪೂರಾ ಯೋಳಿಲ್ಲ. ಅಷ್ಟು ಜನ ಮಕ್ಳ ಮುಂದೆ ನಿಂತು ಬಾಯ್ ಕಟ್ಟೋದ್ರೆ ಅದ್ರ ಜೀವಕ್ಕೆ ಎಷ್ಟು ನೋವಾದದು ಯೋಳು. ನಿಮ್ ಮೇಡಮ್ಮಿಗೆ ಬ್ಯಾಡ ಅಂತ ಯೋಳ್ಬುಡು."

ಹೇಳಿಬಿಡಬೇಕೆಂದೇ ಭಾನು ಅಂದುಕೊಂಡಳು. ಆದರೆ ಹೊರಡುವ ದಿನ ಅಜ್ಜಿಯೇ ಅವಳ ಕೈ ಹಿಡಿದು ಕೂರಿಸಿಕೊಂಡಳು.

"ನಿಂಗ ಏನಂದ ಅಂತ ನಂಗೊತ್ತು. ಕಿವಿ ಇನ್ನೂ ನೆಟ್ಗದೆ. ನಾನು ಬತ್ತೀನಿ ಕಣ್ ಮಗ. ಒಂದ್ಸಲ ನೋಡೇಬುಡ್ತೀನಿ. ಬಂದ್ರೆ ಬಂತು. ಅಲ್ಲೂ ಬರ್ನಿಲ್ಲ ಅಂದ್ರೆ ಇನ್ ಈ ಬಾಯಲ್ಲಿ ಕತೆ ಅನ್ನೋ ಮಾತೇ ಎತ್ತಾಕಿಲ್ಲ. ಎಲೆ ಅಡ್ಕೆ ಆಕ್ಕೊಂಡು ಸುಮ್ಕೆ ಕುಂತಿರ್ತೀನಿ."

ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು ಬರುವಾಗ ಭಾನುವಿಗೆ, ಅಜ್ಜಿಯೊಳಗಿನ ರಾಜಕುಮಾರಿಯರು, ಕಾಗೆಗಳು, ಮಾತಾಡುವ ಹೊಳೆಗಳು ಎಲ್ಲ ಗಂಟು ಕಟ್ಟಿಕೊಂಡು ಒಂದು ಬಾಗಿಲ ಹತ್ತಿರ ಬಂದು ನಿಂತ ಹಾಗೆ ಕಾಣಿಸಿತು. ಆ ಶನಿವಾರ ಆ ಬಾಗಿಲು ಮುಚ್ಚಿತೆಂದರೆ ಮುಗಿಯಿತು. ಅವರೆಲ್ಲ ಎಲ್ಲಿಗೆ ಹೋಗಬೇಕು?

ಕಾರ್ತೀಕದ ಆ ಶನಿವಾರ ಹತ್ತಿರ ಬಂದಂತೆ ಅವಳಿಗೆ ಒಂದೇ ಯೋಚನೆ: ಅಜ್ಜಿಯ ಕಥೆಯ ಎಳೆ ಹರಿಯಬಾರದು. ಚೈತ್ರಳ ಅಪ್ಪ ಬಂದಿದ್ದಾಗ ರೇಷ್ಮೆಹುಳವನ್ನು ಒಬ್ಬರ ಕಾಲರಿನೊಳಗೆ ಇನ್ನೊಬ್ಬರು ಬಿಟ್ಟು ಕ್ಲಾಸಿನಲ್ಲಿ ದೊಡ್ಡ ಗದ್ದಲವಾಗಿತ್ತು. ಹಾಗಾದರೆ ಅಜ್ಜಿಯ ಗತಿ? ಊಟದ ಮನೆಯಲ್ಲಿ ಮುದ್ದೆ ಮುರಿಯುತ್ತಾ ಅವಳು ಒಬ್ಬೊಬ್ಬರಿಗೂ ಕೈ ಮುಗಿದಳು.

"ನಮ್ಮಜ್ಜಿ ಹೇಳೋವಾಗ ಒಂದು ಸದ್ದೂ ಮಾಡ್ಬೇಡಿ ಪ್ಲೀಸ್. ಕೆಮ್ಮೂ ಬೇಡ. ಮದನ್, ನಿಂಗೇ ಹೇಳ್ತಿರೋದು."

"ಕೆಮ್ಮು ಬಂದ್ರೆ ನುಂಗ್ಬಿಡ್ತೀನಿ ಬಿಡು" ಎಂದ ಮದನ್. ಅವಳ ಮುಖ ನೋಡಿ, "ದೇವ್ರಾಣೆ ಕಣೇ, ಸುಮ್ನಿರ್ತೀವಿ" ಎಂದು ಸೇರಿಸಿದ.

ಇದು ವಾರ್ಡನ್ ಶಿವಸ್ವಾಮಿ ಸರ್ ಕಿವಿಗೆ ಬಿದ್ದು ಅವರಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಅವರು ಎರಡು ಬೆರಳು ಎತ್ತಿದರೆ ಇಡೀ ಊಟದ ಮನೆ ನಿಶ್ಶಬ್ದವಾಗಬೇಕು, ತಟ್ಟೆಯೂ ಸದ್ದು ಮಾಡಬಾರದು. ಅದು ಅವರು ಬಹಳ ವರ್ಷ ಕಷ್ಟಪಟ್ಟು ಬೆಳೆಸಿದ್ದ ಶಿಸ್ತು. "ಹಿರಿಯರು ಬರ್ತಾ ಇದ್ದಾರೆ. ನಿಮ್ಮ ಉಸಿರಾಟ ಕೂಡ ನನಗೆ ಕೇಳಿಸಬಾರದು" ಎಂದು ಶುಕ್ರವಾರದ ಪ್ರಾರ್ಥನೆಯಲ್ಲಿ ಹೇಳಿಯೂಬಿಟ್ಟರು.

ಶನಿವಾರ ಊಟವಾದ ಸ್ವಲ್ಪ ಹೊತ್ತಿಗೆ ಅಜ್ಜಿ ಗೇಟಿನಲ್ಲಿ ಇಳಿದಳು. ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ಹಬ್ಬಕ್ಕೆ ಉಡುವ ಹಸಿರು ಸೀರೆ, ಸೊಂಟದಲ್ಲಿ ಎಲೆಚೀಲ, ಕೈಯಲ್ಲಿ ಮಕ್ಕಳಿಗೆಂದು ಕಡಲೆಪುರಿ ತುಂಬಿದ ಎತ್ತರದ ಸ್ಟೀಲ್ ಡಬ್ಬಿ. ಹಿಂದೆ, ಪರೀಕ್ಷೆ ಬರೆಯಲು ಬಂದವನ ಮುಖ ಮಾಡಿಕೊಂಡು ನಿಂಗರಾಜು.

"ಇದೇನವ್ವ ಇಷ್ಟು ದೊಡ್ಡ ಬಿಲ್ಡಿಂಗು! ಇದ್ರೊಳ್ಗೆ ಮಲಿಕ್ಕೊಂಡ್ರೆ ನಿದ್ದೆ ಬಂದದಾ?" ಎಂದು ಅಜ್ಜಿ ಗೋಡೆಗಳನ್ನು ನೋಡಿದಳು. ಮಂಗಳಗೌರಿ ಮಿಸ್ ಓಡಿಬಂದು ಅಜ್ಜಿಯ ಕೈ ಹಿಡಿದುಕೊಂಡರು. ಕ್ಲಾಸಿನೊಳಗೆ ವೇದಿಕೆಯ ಮೇಲೆ ಕುರ್ಚಿ ಹಾಕಿತ್ತು. ಅದರ ತುದಿಯಲ್ಲಿ, ಬಿದ್ದುಬಿಡುವವಳ ಹಾಗೆ, ಅಜ್ಜಿ ಕುಳಿತಳು. ನಿಂಗರಾಜು ಕಿಟಕಿಯ ಹೊರಗೇ ನಿಂತ. ಶಿವಸ್ವಾಮಿ ಸರ್ ಬಾಗಿಲ ಹತ್ತಿರ ನಿಂತು ಎರಡು ಬೆರಳು ಎತ್ತಿದರು.

ಕ್ಲಾಸು ಕೈ ಕಟ್ಟಿಕೊಂಡಿತು. ಒಂದು ಬೆಂಚೂ ಕಿರುಗುಟ್ಟಲಿಲ್ಲ.

"ಒಂದೂರ್ನಲ್ಲಿ," ಎಂದಳು ಅಜ್ಜಿ, "ಕುಂಬಾರ್ರ ಕೆಂಪಿ ಅಂತ ಒಬ್ಳು ಉಡ್ಗಿ ಇದ್ಲಂತೆ."

ನಿಶ್ಶಬ್ದ. ಅಜ್ಜಿ ಮಕ್ಕಳನ್ನು ನೋಡಿದಳು. ಮಕ್ಕಳು ಅಜ್ಜಿಯನ್ನು ನೋಡಿದರು.

"ಅವ್ಳು ಒಳೇಗೆ ನೀರ್ಗೋದ್ಲಂತೆ."

ನಿಶ್ಶಬ್ದ. ಅಜ್ಜಿ ಸೆರಗನ್ನು ಸರಿಮಾಡಿಕೊಂಡಳು. "ಮಡ್ಕೆ... ಮಡ್ಕೆ ತೇಲೋಯ್ತಂತೆ. ಕಾಗೆ ಬಂತಂತೆ..." ದನಿ ಸಣ್ಣದಾಗುತ್ತಾ ಬಂತು. "ಮಕ್ಳಿಗೆ ನಿದ್ದೆ ಬಂತೇನವ್ವ? ಉಂಡ್ ಒತ್ತು ನೋಡು."

ಯಾರೂ ಉತ್ತರ ಕೊಡಲಿಲ್ಲ. ಕೊಡಬಾರದೆಂದು ಭಾನುವೇ ಕೈ ಮುಗಿದು ಬೇಡಿಕೊಂಡಿದ್ದಳಲ್ಲ. ಕೊಟ್ಟ ಮಾತಿಗೆ ಮದನನ ಕೆನ್ನೆ ಉಬ್ಬಿಕೊಂಡಿತ್ತು. ನಿಜವಾಗಿಯೂ ಕೆಮ್ಮು ನುಂಗುತ್ತಿದ್ದ.

ಅಜ್ಜಿಯ ಕಣ್ಣು ಒಂದು ಬೆಂಚಿನಿಂದ ಇನ್ನೊಂದು ಬೆಂಚಿಗೆ ಹೋಯಿತು, ಕತ್ತಲಲ್ಲಿ ಗೋಡೆ ತಡವುವ ಕೈಯಂತೆ. ಎಲ್ಲೂ ಏನೂ ಸಿಗಲಿಲ್ಲ. ಕಿಟಕಿಯ ಹೊರಗೆ ನಿಂಗರಾಜು ತಲೆ ತಗ್ಗಿಸಿದ. ಅಜ್ಜಿ ಕುರ್ಚಿಯ ತೋಳು ಹಿಡಿದು ಏಳತೊಡಗಿದಳು.

"ಬರಾಕಿಲ್ಲ ಬುಡಿ ಮೇಡಮ್ಮೋರೆ. ಮುದ್ಕಿ ತಲೆ. ಮಕ್ಳ ಒತ್ತು ಆಳು ಮಾಡ್ದೆ. ತಪ್ಪು ತಿಳ್ಕೋಬ್ಯಾಡಿ."

ಬಸ್ಸಿನಲ್ಲಿ ಭಾನುವಿಗೆ ಕಂಡಿದ್ದ ಆ ಬಾಗಿಲು ಮುಚ್ಚುತ್ತಿತ್ತು. ಅವಳು ಕಣ್ಣಾರೆ ನೋಡುತ್ತಿದ್ದಳು.

ಅಷ್ಟರಲ್ಲಿ ಹಿತ್ತಲಿಂದ ಒಂದು ಸದ್ದು ಬಂತು. ದಪ್. ಅಡುಗೆಯ ರಾಚಯ್ಯ ಮಧ್ಯಾಹ್ನದ ಕೆಲಸ ಮುಗಿಸಿ ಅಡುಗೆಮನೆಯ ಬಟ್ಟೆಗಳನ್ನು ಒಗೆಯುವ ಕಲ್ಲಿಗೆ ಹಾಕಿದ್ದ. ದಪ್.

ಅರ್ಧ ಎದ್ದಿದ್ದ ಅಜ್ಜಿಯ ಗಲ್ಲ ಆ ಸದ್ದಿಗೆ ತಾನಾಗಿಯೇ ಒಂದಿಷ್ಟು ಮೇಲಕ್ಕೆದ್ದಿತು. ಯಾರೋ ಕರೆದರೆನ್ನುವ ಹಾಗೆ.

ಅದನ್ನು ಕಂಡದ್ದು ಭಾನು ಒಬ್ಬಳೇ. ಒಗೀರೇ, ಸುಮ್ನೆ ನಿಂತ್ರೆ ನಂಗೆ ಕಥೆ ಬರಲ್ಲ ಎಂದು ಪ್ರತಿ ಭಾನುವಾರ ಕೂಗುತ್ತಿದ್ದ ತನ್ನ ದನಿಯೇ ಅವಳಿಗೆ ಕೇಳಿಸಿತು. ಅದರ ಹಿಂದೆಯೇ, ಬಹಳ ಹಿಂದಿನ ಇನ್ನೊಂದು ದನಿ: ಸೆರಗಿನೊಳಗಿಂದ ಒಂದೊಂದು ಮಾತಿಗೂ ಒಂದೊಂದು ಸಲ, ನಿದ್ದೆಯಲ್ಲಿ ತೊದಲುತ್ತಾ ತೊದಲುತ್ತಾ ಒಬ್ಬಳು ಪುಟ್ಟ ಹುಡುಗಿ ಹೇಳುತ್ತಿದ್ದ ಒಂದೇ ಒಂದು ಮಾತು. ಆ ಮಾತನ್ನು ಅವಳು ಹಾಸ್ಟೆಲಿಗೆ ಬಂದ ಮೇಲೆ ಒಂದು ಸಲವೂ ಆಡಿರಲಿಲ್ಲ. ದಸರೆಯಲ್ಲಿ ಅಜ್ಜಿಯ ಎದುರಿಗೆ ಕೈ ಕಟ್ಟಿ ಕುಳಿತಾಗಲೂ ಆಡಿರಲಿಲ್ಲ.

"ಹೂಂ!" ಎಂದಳು ಭಾನು.

ಶಿವಸ್ವಾಮಿ ಸರ್ ಕಣ್ಣು ಕೆಕ್ಕರಿಸಿದರು. ಎರಡು ಬೆರಳು ಇನ್ನೂ ಮೇಲಕ್ಕೆ ಹೋದವು. ಭಾನು ಅವರ ಕಡೆ ನೋಡಲೇ ಇಲ್ಲ. ಎದ್ದು ನಿಂತೇ ಹೇಳಿದಳು. "ಕಾಗೆ ಬಂತು. ಹೂಂ. ಆಮೇಲೆ ಅಜ್ಜಿ?"

ಅಜ್ಜಿ ಅವಳನ್ನು ನೋಡಿದಳು. ಮೆಲ್ಲನೆ ಮತ್ತೆ ಕುಳಿತಳು.

"ಕೆಂಪಿ ಕೇಳುದ್ಲಂತೆ, ಕಾಗಕ್ಕ ಕಾಗಕ್ಕ, ನನ್ ಮಡ್ಕೆ ಕಂಡ್ಯಾ ಅಂತ."

"ಹೂಂ" ಎಂದಳು ಭಾನು. ಪಕ್ಕದಲ್ಲಿದ್ದ ಚೈತ್ರ ಅವಳ ಮುಖ ನೋಡಿ, ಅರ್ಥವಾಗಿಯೋ ಆಗದೆಯೋ, ತಾನೂ "ಹೂಂ" ಎಂದಳು.

"ಕಂಡೆ ಕಣವ್ವ, ಆದ್ರೆ ನಂಗೆ ಈಜ್ ಬರಾಕಿಲ್ವಲ್ಲ ಅಂತು ಕಾಗೆ."

"ಹೂಂ!" ಹಿಂದಿನ ಬೆಂಚಿನಿಂದ ಮದನ್ ನುಂಗಿಕೊಂಡಿದ್ದ ಕೆಮ್ಮನ್ನೆಲ್ಲ ಸೇರಿಸಿ ಕೂಗಿದ. ಮುಂದಿನ ಮಾತಿಗೆ ಅರ್ಧ ಕ್ಲಾಸು. ಅದರ ಮುಂದಿನ ಮಾತಿಗೆ ಇಡೀ ಕ್ಲಾಸು. ಶಿವಸ್ವಾಮಿ ಸರ್ ಗೊಂದಲದಿಂದ ಮಂಗಳಗೌರಿ ಮಿಸ್ ಕಡೆ ನೋಡಿದರೆ ಅವರೂ "ಹೂಂ" ಎನ್ನುತ್ತಾ ಮೇಜಿಗೆ ಒರಗಿಕೊಂಡಿದ್ದರು. ಎತ್ತಿದ್ದ ಬೆರಳುಗಳನ್ನು ಏನು ಮಾಡುವುದೆಂದು ತಿಳಿಯದೆ ಸರ್ ಅವುಗಳಲ್ಲೇ ಕಿವಿ ಕೆರೆದುಕೊಂಡರು.

ಅಜ್ಜಿಯ ಬೆನ್ನು ನೆಟ್ಟಗಾಯಿತು. ಕುರ್ಚಿ ಬಿಟ್ಟು ವೇದಿಕೆಯ ಅಂಚಿಗೆ ಬಂದು, ಕಾಲು ಇಳಿಬಿಟ್ಟು ಕುಳಿತಳು. "ಅಲ್ ಕುಂತ್ರೆ ನೀವೆಲ್ಲ ದೂರ ಆಯ್ತೀರಿ" ಎಂದಳು. ಕೈಗಳು ಬಂದವು, ಕಣ್ಣು ಬಂತು, ಕಾಗೆಯ ದನಿ ಬೇರೆ, ಹೊಳೆಯ ದನಿ ಬೇರೆಯಾಯಿತು. ಆದರೆ ಕೆಂಪಿ ಗದ್ದೆ ಬಯಲು ದಾಟುತ್ತಿದ್ದ ಹಾಗೆ ಅಜ್ಜಿ ನಿಜವಾಗಿಯೂ ತಡವರಿಸಿದಳು.

"ಮುಂದ್ಕೋದ್ರೆ ಅಲ್ಲಿ... ಅಲ್ಲಿ ಯಾರವ್ವ ಸಿಕ್ಕಿದ್ದು..."

"ಎತ್ತು ಅಜ್ಜಿ!" ಕ್ಲಾಸು ಒಟ್ಟಿಗೆ ಕಿರುಚಿತು. "ಕುಂಟ ಎತ್ತು!"

"ಅದೇ ಕಣಪ್ಪ! ಕುಂಟೆತ್ತು!" ಅಜ್ಜಿ ತೊಡೆ ತಟ್ಟಿಕೊಂಡಳು. ಆಮೇಲೆ ಥಟ್ಟನೆ ನಿಂತು ಕಣ್ಣು ಕಿರಿದು ಮಾಡಿದಳು. "ಅಲ್ಲ ಕಣ್ರಲಾ, ನಿಮ್ಗೆಂಗೊತ್ತು?"

"ಬಟ್ಟೆ ಒಗೀವಾಗ ಭಾನು ಹೇಳ್ತಾಳೆ ಅಜ್ಜಿ. ನಮ್ಗೆ ನಿಮ್ ಕಥೆ ಎಲ್ಲಾ ಗೊತ್ತು."

ಅಜ್ಜಿ ಮೊಮ್ಮಗಳ ಕಡೆ ತಿರುಗಿದಳು. ತನ್ನ ಗಂಟು ಎಲ್ಲೋ ಬಿದ್ದುಹೋಯಿತೆಂದು ಹುಡುಕುತ್ತಿದ್ದವಳಿಗೆ ಅದು ನೆಂಟರ ಮನೆಯ ಗೂಡಿನಲ್ಲಿ ಭದ್ರವಾಗಿ ಕಂಡ ಹಾಗಿತ್ತು ಆ ಮುಖ. ಭಾನು ತಲೆ ಬಗ್ಗಿಸಿದಳು.

"ಯೋಳಿ ಮತ್ತೆ ನೋಡಾಣ," ಎಂದಳು ಅಜ್ಜಿ, ಪರೀಕ್ಷೆ ಮಾಡುವವಳ ಹಾಗೆ. "ಕುಂಟೆತ್ತಾದ್ ಮ್ಯಾಲೆ?"

"ಹರಿಗೋಲಿನವನು. ಆಮೇಲೆ ಸಂಗಮ. ಆಮೇಲೆ ಕೆಂಪಿ ಕಲ್ಲಾಗೋಗ್ತಾಳೆ" ಎಂದ ಮದನ್.

"ಯಾವಳ್ಲಾ ಕಲ್ಲಾಗದು?"

ಎಲ್ಲರ ತಲೆಗಳೂ ಭಾನುವಿನ ಕಡೆ ತಿರುಗಿದವು.

"ಯಾರ್ಲಾ ನಿಂಗೆ ಯೋಳಿದ್ದು? ನನ್ ಕತೇಲಿ ಯಾರೂ ಕಲ್ಲುಗಿಲ್ಲು ಆಗಾಕಿಲ್ಲ ಕಣ್ಲಾ! ಬಾನೂ, ನಿನ್ ಕೆಲ್ಸಾನಾ ಇದು? ಕೂಸು, ಅದಕ್ಕೆ ಏನ್ ಗೊತ್ತು ಬುಡಿ. ಯಾವತ್ತಾದ್ರೂ ಪೂರಾ ಕೇಳವ್ಳಾ? ಎತ್ತು ಬರ್ತಿದ್ದಂಗೇ ಅವ್ಳ ಊಂ ನಿಂತೋಗದು. ಊಂ ನಿಂತ್ ಮ್ಯಾಲೆ ನಾನ್ಯಾಕೆ ಗೋಡೆಗೆ ಯೋಳ್ಳಿ? ಸೆರಗು ಒದ್ಸಿ ಮಲಗುಸ್ತಿದ್ದೆ."

ಚೈತ್ರ ಭಾನುವಿನ ತೊಡೆಗೆ ಜೋರಾಗಿ ಚಿವುಟಿದಳು. "ಪಾಪಿ! ಎಷ್ಟ್ ಸಲ ಅಳ್ಸಿದೀಯಾ ನನ್ನ!"

"ಕೇಳಿ ಈಗ" ಎಂದು ಅಜ್ಜಿ ಬಾಯಲ್ಲಿದ್ದ ಅಡಿಕೆಯನ್ನು ಕೆನ್ನೆಯ ಇನ್ನೊಂದು ಕಡೆಗೆ ತಳ್ಳಿಕೊಂಡಳು. "ಕೆಂಪಿ ಸಂಗ್ಮುಕ್ಕೆ ಬಂದ್ಲು."

"ಹೂಂ."

"ನೀರು ಗಿರಗಿರ ತಿರುಗ್ತದೆ. ಅದ್ರೊಳಗೆ ಒಂದ್ ಮಡ್ಕೆ. ಬಗ್ಗಿ ಎತ್ಕೊಂಡು ನೋಡುದ್ರೆ ಕಪ್ಪು ಮಡ್ಕೆ!"

"ಹೂಂ?"

"ಎದುರ್ಗೆ ಕತ್ತೆತ್ತುದ್ರೆ ಇನ್ನೊಬ್ಳು ಉಡ್ಗಿ. ಚೆನ್ನಿ ಅಂತ. ಅವ್ಳು ಕಾವೇರಿ ದಂಡೆ ಇಡ್ಕೊಂಡು ತನ್ ಕಪ್ ಮಡ್ಕೆ ಉಡಿಕ್ಕೊಂಡ್ ಬಂದವ್ಳೆ. ಅವ್ಳ ಸೊಂಟದ್ ಮ್ಯಾಲೆ ಕೆಂಪಿ ಮಡ್ಕೆ!"

ಹೂಂ ಎನ್ನುವುದನ್ನೂ ಮರೆತು ಕ್ಲಾಸು ಅರಚಿತು. ಅಜ್ಜಿ ಕೈಯೆತ್ತಿ ತಡೆದಳು.

"ಕಳ್ಳಿ ಅಂದ್ಲು ಇವ್ಳು. ನೀನ್ ಕಳ್ಳಿ ಅಂದ್ಲು ಅವ್ಳು. ಜುಟ್ಟು ಜುಟ್ಟು ಇಡ್ಕಂಡ್ರು. ಮರಳ್ ಮ್ಯಾಲೆ ಒರಳಾಡುದ್ರು. ಸುಸ್ತಾಯ್ತು. ಒಟ್ಟೆ ಅಸೀತು. ಕೆಂಪಿ ಮಡ್ಲಲ್ಲಿ ಒಂದೀಟು ಪುರಿ ಇತ್ತು, ಚೆನ್ನಿ ಸೆರಗಲ್ಲಿ ಒಂಚೂರು ಬೆಲ್ಲ ಇತ್ತು. ಇಬ್ರೂ ಅಂಚ್ಕಂಡ್ ತಿಂದ್ರು. ತಿಂದ್ ಮ್ಯಾಲೆ ಜಗಳ ಎಲ್ ಉಳೀತದೆ?"

"ಹೂಂ."

"ಒತ್ತು ಮುಳುಗ್ತಾ ಬಂತು. ಕೊಡವ್ವ ನನ್ ಮಡ್ಕೆ, ಓಯ್ತೀನಿ ಅಂದ್ಲು ಕೆಂಪಿ. ಚೆನ್ನಿ ಏನಂದ್ಲು ಗೊತ್ತಾ? ಬ್ಯಾಡ ಕಣೇ ಅಂದ್ಲು. ನಿಂದು ನನ್ನತ್ರ ಇರ್ಲಿ, ನಂದು ನಿನ್ನತ್ರ ಇರ್ಲಿ. ಅಂಗಿದ್ರೆ ನೀನು ತಿರ್ಗ ಬರ್ಲೇಬೇಕಲ್ಲ."

ಕ್ಲಾಸಿನಲ್ಲಿ ಈ ಸಲ ಯಾರೂ ಹೂಂ ಎನ್ನಲಿಲ್ಲ. ಬೇರೆ ಬೇರೆ ಊರುಗಳಿಂದ ಪೆಟ್ಟಿಗೆ ಹೊತ್ತು ಬಂದು ಒಂದೇ ತೊಟ್ಟಿಯ ನೀರಿಗೆ ಜಗಳಾಡುತ್ತಾ ಬೆಳೆದ ಆ ಮಕ್ಕಳು ಒಂದು ಗಳಿಗೆ ಹಾಗೇ ಕುಳಿತರು. ಆ ಮೌನದಲ್ಲಿ, ಬಾಗಿಲ ಕಡೆಯಿಂದ, ಒಂದೇ ಒಂದು ದಪ್ಪ ದನಿ ಕೇಳಿಸಿತು.

"ಊಂ... ಆಮ್ಯಾಕೆ?"

ಶಿವಸ್ವಾಮಿ ಸರ್! ಎರಡು ಬೆರಳೂ ಬಾಯಿಗೆ ಬಂದಿದ್ದವು. ಯಾವ ಹಳ್ಳಿಯ ಯಾವ ಜಗುಲಿಯಿಂದ ಆ ದನಿ ಎದ್ದು ಬಂದಿತ್ತೋ, ಅವರಿಗೇ ನಾಚಿಕೆಯಾಗಿ ಕಿವಿ ಕೆಂಪಾಯಿತು. ಕ್ಲಾಸು ಬಿದ್ದೂ ಬಿದ್ದೂ ನಕ್ಕಿತು.

"ಆಮ್ಯಾಕೇನು ಸಾ," ಎಂದಳು ಅಜ್ಜಿ, ನಗುತ್ತಲೇ. "ಮನೇಗ್ ಬಂದ್ಲು. ಅವ್ರವ್ವ ಪೊರಕೆ ತಕ್ಕಂಡ್ಲು. ಕೆಂಪ್ ಮಡ್ಕೆ ತರಾಕ್ ಓದವ್ಳು ಕಪ್ ಮಡ್ಕೆ ತಂದವ್ಳೆ, ಕಣ್ಣು ಎಲ್ಲಿಕ್ಕಿದ್ದೆಲೇ ಅಂತ! ಅಲ್ಲಿಗೆ ನನ್ ಕತೆ ಮುಗೀತು, ನಿಮ್ ಪುರಿ ಎತ್ಕಳಿ."

ಕಡಲೆಪುರಿ ಡಬ್ಬಿ ಬೆಂಚಿನಿಂದ ಬೆಂಚಿಗೆ ಹೋಯಿತು. ಭಾನು ತನ್ನ ಪಾಲನ್ನು ಕೈಯಲ್ಲಿಟ್ಟುಕೊಂಡು ತಿನ್ನದೆ ಕುಳಿತಿದ್ದಳು. ಕೆಂಪಿಯನ್ನು ಇಷ್ಟು ದಿನ ನೀರಿನ ನಡುವೆ ನಿಲ್ಲಿಸಿ ಕಲ್ಲು ಮಾಡಿದ್ದಳಲ್ಲ, ಈಗ ಆ ಹುಡುಗಿ ಕಾಲು ಕೊಡವಿಕೊಂಡು ಕಪ್ಪು ಮಡಕೆ ಹೊತ್ತು ಮನೆಗೆ ಹೋಗುವುದು ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು. ತಾನು ಪುಟ್ಟವಳಿದ್ದಾಗ ನಿದ್ದೆಗೆ ಜಾರಿ ಕಳೆದುಕೊಂಡಿದ್ದನ್ನು ಇವರೆಲ್ಲ ಎಚ್ಚರವಾಗಿದ್ದು ತನಗಾಗಿ ಕೇಳಿ ಕೊಟ್ಟರು ಎನಿಸಿತು. ಯಾರಿಗೆ ಮೊದಲು ಕೈ ಮುಗಿಯಬೇಕು? ಅಜ್ಜಿಗೋ, ಚೈತ್ರಳಿಗೋ, ಏನೂ ತಿಳಿಯದೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ರಾಚಯ್ಯನಿಗೋ? ಮುಗಿಯಲು ಕೈ ಖಾಲಿ ಇರಲಿಲ್ಲ. ಪುರಿಯನ್ನು ಬಾಯಿಗೆ ಹಾಕಿಕೊಂಡಳು.

ಹೊರಡುವಾಗ ಕ್ಲಾಸಿನವರು ಕೈತೋಟದಿಂದ ಒಂದು ಉದ್ದದ ಸೋರೆಕಾಯಿ ತಂದುಕೊಟ್ಟರು. ರಾಚಯ್ಯ ದಾರಿಗೆಂದು ಅಡುಗೆಮನೆಯ ಡಬ್ಬಿಯೊಂದರಲ್ಲಿ ಪಾಯಸ ತುಂಬಿಕೊಟ್ಟ. ಅಜ್ಜಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡಳು.

"ನನ್ ಡಬ್ಬಿ ಇಲ್ಲೇ ಇರ್ಲಿ ಕಣಪ್ಪ ರಾಚಯ್ಯ."

"ಯಾಕಜ್ಜಿ, ತಕ್ಕಂಡೋಗಿ, ಒಳ್ಳೆ ಸ್ಟೀಲು" ಎಂದ ರಾಚಯ್ಯ. ಕಥೆಯ ಹೊತ್ತಿನಲ್ಲಿ ಕಲ್ಲಿನ ಹತ್ತಿರವೇ ಇದ್ದವನಿಗೆ ಮಕ್ಕಳು ಯಾಕೆ ನಗುತ್ತಿದ್ದಾರೆಂದು ತಿಳಿಯಲಿಲ್ಲ.

ಬಸ್ಸು ಬರುವವರೆಗೆ ರಸ್ತೆಯ ಬದಿಯಲ್ಲಿ ನಿಂತಿದ್ದಾಗ ಭಾನು ಮಾವನನ್ನು ಪಕ್ಕಕ್ಕೆ ಕರೆದಳು. "ಮಾವ, ದಿನಾ ಊಟ ಆದ್ಮೇಲೆ ಟೀವಿ ಸ್ವಲ್ಪ ಹೊತ್ತು ಆಫ್ ಮಾಡು. ಅಜ್ಜಿ ಹತ್ರ ಕೂತ್ಕೊಂಡು ಹೂಂ ಅನ್ನು. ಅಷ್ಟೇ ಸಾಕು."

ನಿಂಗರಾಜು ಸೋರೆಕಾಯಿಯನ್ನು ಕೂಸಿನ ಹಾಗೆ ಎತ್ತಿಕೊಂಡು ನಿಂತಿದ್ದ. "ಅನ್ತೀನಿ ಬುಡವ್ವ. ನಂಗೂ ಕುಂಟೆತ್ತಿನಿಂದಾಚೆಗೆ ಗೊತ್ತಿರ್ನಿಲ್ಲ" ಎಂದು ಮೂಗೊರೆಸಿಕೊಂಡ.

ಮಾರನೆಯ ದಿನ ಭಾನುವಾರ. ಮನೆಗೆ ಫೋನು ಮಾಡುವ ಹೊತ್ತೂ ಬಟ್ಟೆ ಒಗೆಯುವ ಹೊತ್ತೂ ಒಂದೇ. ಶಿವಸ್ವಾಮಿ ಸರ್ ತಾವಾಗಿಯೇ ಹಿತ್ತಲಿಗೆ ಬಂದು ತಮ್ಮ ಫೋನನ್ನು ಸ್ಪೀಕರಿಗೆ ಹಾಕಿ ನಡುಗೋಡೆಯ ಮೇಲಿಟ್ಟರು. "ನೀರು ಹಾರಿಸಿದ್ರೆ ನೋಡಿ" ಎಂದು ಗದರಿದರು. ಆದರೆ ಹೋಗಲಿಲ್ಲ, ತೊಟ್ಟಿಯ ಕಟ್ಟೆಯ ಮೇಲೆ ಕುಳಿತರು.

"ಬಾನೂ, ನಿನ್ನೆ ಒಂದ್ ಕತೆ ಗ್ಯಾಪ್ಕ ಬಂತು ಕಣ್ ಕೂಸೇ," ಎಂದಿತು ಅಜ್ಜಿಯ ದನಿ, ಗೊರಗೊರ ಸದ್ದಿನ ನಡುವಿನಿಂದ. "ಬಸ್ನಲ್ ಬತ್ತಾ ಬತ್ತಾನೆ ಬಂತು. ಒಬ್ಳು ಮುದ್ಕಿಗೆ ಒಂದ್ ಸೋರೆಕಾಯಿ ಸಿಕ್ತಂತೆ..."

ದಪ್, ಎಂದವು ಈಚೆಯ ಕಲ್ಲುಗಳು. ದಪ್, ಎಂದವು ಆಚೆಯವು.

"ಅದೇನೇ ಅದು ಸದ್ದು? ಲೈನು ಸರಿಗಿಲ್ವಾ?"

"ಲೈನ್ ಸರಿಯಾಗಿದೆ ಅಜ್ಜಿ," ಎಂದಳು ಭಾನು, ಸೋಪಿನ ಕೈಯಲ್ಲೇ ಕೂದಲು ಹಿಂದಕ್ಕೆ ಸರಿಸಿಕೊಳ್ಳುತ್ತಾ. "ನಾವೇ ಹೂಂ ಅಂತಿರೋದು. ನೀನು ಹೇಳು."